ಹಳೆಯ ಪುಸ್ತಕಗಳ ಪೇಟೆ

ಕಳೆದ ಜೂನ್ ತಿಂಗಳಲ್ಲಿ, ಶಾಲೆ ಪುನಃ ತೆರೆದ ಮೂರನೆಯ ದಿನವೋ ನಾಲ್ಕನೆಯ ದಿನವೋ, ಒಂಬತ್ತನೆಯ ತರಗತಿಯ ಹುಡುಗನೊಬ್ಬನು ತನ್ನ ಗಣಿತದ ಪುಸ್ತಕವನ್ನು ಬೆಂಚಿನ ಕೆಳಗೆ ಹಿಡಿದುಕೊಂಡು ಅದರ ಮೊದಲ ಹಾಳೆಯನ್ನು ರಬ್ಬರಿನಿಂದ ಉಜ್ಜುತ್ತಿದ್ದುದನ್ನು ಕಂಡೆನು. ಹತ್ತಿರ ಹೋಗಿ ನೋಡಲು, ಅಲ್ಲಿ ಬೇರೊಬ್ಬ ವಿದ್ಯಾರ್ಥಿಯ ಹೆಸರು ಶಾಯಿಯಲ್ಲಿ ಬರೆದಿದ್ದಿತು. ಶಾಯಿಯು ರಬ್ಬರಿಗೆ ಹೋಗುವಂಥದಲ್ಲ, ಹೋದುದು ಕಾಗದವೇ. ಹೆಸರಿದ್ದ ಕಡೆಯಲ್ಲಿ ಒಂದು ತೂತು ಬಿದ್ದಿತು. ಪುಸ್ತಕ ಹಳೆಯದೆಂಬುದು ಪಕ್ಕದವನಿಗೆ ತಿಳಿಯಬಾರದೆಂಬುದು ಅವನ ಉದ್ದೇಶವಾಗಿದ್ದಿತು. ಆ ತೂತನ್ನು ಈಗ ಇಡೀ ತರಗತಿಯೇ ನೋಡುವಂತಾಯಿತು. ಆಗ ನಾನು ಅವನಿಗೆ ಏನನ್ನೂ ಹೇಳಲಿಲ್ಲ. ಹೇಳಬೇಕೆಂದಿದ್ದುದನ್ನು ಇಲ್ಲಿ ಬರೆಯುತ್ತಿದ್ದೇನೆ.

ನಮ್ಮ ರಾಜ್ಯದಲ್ಲಿ ಎಂಟನೆಯ ತರಗತಿಯವರೆಗೆ ಸರ್ಕಾರಿ ಹಾಗೂ ಅನುದಾನಿತ ಶಾಲೆಗಳ ಮಕ್ಕಳಿಗೆ ಪಠ್ಯಪುಸ್ತಕಗಳು ಉಚಿತವಾಗಿ ದೊರೆಯುತ್ತವೆ. ಒಂಬತ್ತಕ್ಕೆ ಕಾಲಿಟ್ಟೊಡನೆ ಕೊಳ್ಳಬೇಕಾಗುತ್ತದೆ. ಮುಂದೆ ಕಾಲೇಜಿಗೆ ಹೋದಾಗಲಂತೂ ಕನ್ನಡದಲ್ಲಿ ಕಲಿತವರು ಒಮ್ಮೆಗೇ ಇಂಗ್ಲಿಷಿನ ದಪ್ಪ ದಪ್ಪ ಗ್ರಂಥಗಳ ಮುಂದೆ ನಿಲ್ಲುವರು. ಪಠ್ಯಪುಸ್ತಕದೊಡನೆ ನಿಘಂಟು ಬೇಕು, ವ್ಯಾಕರಣ ಬೇಕು, ಅರ್ಥವಾಗದ ಪಾಠವನ್ನು ಬಿಡಿಸಿ ಹೇಳುವ ಇನ್ನೊಂದು ಪುಸ್ತಕ ಬೇಕು. ಮನೆಯಲ್ಲಿ ಇಬ್ಬರು ಮೂವರು ಓದುವವರಿದ್ದರೆ ಜೂನ್ ತಿಂಗಳು ತಂದೆತಾಯಿಗಳಿಗೆ ಎಂತಹ ತಿಂಗಳೆಂಬುದನ್ನು ನಾನು ವಿವರಿಸಬೇಕಾಗಿಲ್ಲ. ಹಳೆಯ ಪುಸ್ತಕಗಳ ಪೇಟೆ ಹುಟ್ಟಿದುದು ಈ ಅವಶ್ಯಕತೆಯಿಂದಲೇ. ಆದರೆ ಅಲ್ಲಿಗೆ ಒಮ್ಮೆ ಹೋದವರು ಅವಶ್ಯಕತೆ ತೀರಿದ ಮೇಲೂ ಹೋಗುತ್ತಲೇ ಇರುತ್ತಾರೆ. ಇದಕ್ಕೆ ನಾನೇ ಸಾಕ್ಷಿ.

ಮುಂಬಯಿಯ ಕನ್ನಡಿಗರಿಗೆ ಹತ್ತಿರದ ಪೇಟೆಯೆಂದರೆ ಮಾಟುಂಗದ ಕಿಂಗ್ಸ್ ಸರ್ಕಲ್. ಈಗ ಅದಕ್ಕೆ ಮಾಹೇಶ್ವರಿ ಉದ್ಯಾನವೆಂದು ಹೆಸರು. ಬಾಯಲ್ಲಿ ಮಾತ್ರ ಹಳೆಯ ಹೆಸರೇ ಉಳಿದಿದೆ. ಉದ್ಯಾನದ ಸುತ್ತಲಿನ ಕಾಲುದಾರಿಯ ಮೇಲೆ ಪುಸ್ತಕಗಳನ್ನು ಇಟ್ಟಿಗೆಗಳಂತೆ ಪೇರಿಸಿ, ನಡುವೆ ಒಬ್ಬ ಮನುಷ್ಯ ಕುಳಿತುಕೊಳ್ಳುವಷ್ಟು ಸಂದು ಬಿಟ್ಟು, ಅಂಗಡಿಗಳನ್ನು ಕಟ್ಟಿರುವರು. ಇಂಜಿನಿಯರಿಂಗ್, ವೈದ್ಯ, ವಾಣಿಜ್ಯ ಮೊದಲಾದ ವಿದ್ಯೆಗಳ ಪುಸ್ತಕಗಳಿಗೆ ಈ ಸ್ಥಳವು ಪ್ರಸಿದ್ಧವಾದುದು. ಅಂಗಡಿಯವನ ಜ್ಞಾಪಕಶಕ್ತಿಯು ಆಶ್ಚರ್ಯಕರವಾದುದು. ಎರಡನೆಯ ವರ್ಷದ ಯಂತ್ರಶಾಸ್ತ್ರ ಎಂದರೆ ಸಾಕು, ಎದೆಯೆತ್ತರದ ರಾಶಿಯ ನಡುವಿನಿಂದ, ಮೇಲಿನ ನಲವತ್ತು ಪುಸ್ತಕಗಳು ಕದಲದಂತೆ, ಬೇಕಾದುದನ್ನೇ ಎಳೆದು ಕೊಡುವನು. ಗ್ರಂಥಾಲಯಶಾಸ್ತ್ರದ ಪದವಿಯನ್ನು ಪಡೆದವರು ಇವನಲ್ಲಿ ಒಂದು ವಾರ ಶಿಷ್ಯವೃತ್ತಿ ಮಾಡಿದರೆ ತಪ್ಪಿಲ್ಲ. ಕೆಲವು ಅಂಗಡಿಗಳಲ್ಲಿ ಕೊಂಡ ಪುಸ್ತಕವನ್ನು ವರ್ಷಾಂತ್ಯದಲ್ಲಿ ಹಿಂದಕ್ಕೆ ಕೊಟ್ಟರೆ ಕೊಟ್ಟ ಹಣದ ಒಂದು ಭಾಗವು ಮರಳಿ ಬರುತ್ತದೆ. ಹೀಗಾದಾಗ ಅದು ವ್ಯಾಪಾರವೆನ್ನುವುದಕ್ಕಿಂತ ಬಾಡಿಗೆಯೆನ್ನುವುದೇ ಸರಿ. ಆದರೆ ಬಡ ವಿದ್ಯಾರ್ಥಿಗೆ ಇಂತಹ ಬಾಡಿಗೆಯೇ ಅನುಕೂಲವಾದುದು. ಹಿಂದಕ್ಕೆ ಕೊಡುವಾಗ ಎಷ್ಟು ಸಿಗುವುದೆಂಬುದನ್ನು ಕೊಳ್ಳುವಾಗಲೇ ಕೇಳಿ, ಪುಸ್ತಕದ ಹಿಂಬದಿಯಲ್ಲಿ ಬರೆಯಿಸಿಕೊಳ್ಳತಕ್ಕದ್ದು.

ಕೋಟೆ ಭಾಗದಲ್ಲಿ ಫ್ಲೋರಾ ಫೌಂಟನಿನ ಸುತ್ತಮುತ್ತ ಇದಕ್ಕಿಂತಲೂ ದೊಡ್ಡ ಪೇಟೆಯಿದ್ದಿತು. ನಾನು ವಿದ್ಯಾರ್ಥಿಯಾಗಿದ್ದ ೧೯೮೦ರ ದಶಕದಲ್ಲಿ, ಚರ್ಚ್‌ಗೇಟ್ ನಿಲ್ದಾಣದಲ್ಲಿ ಇಳಿದು ಕಾರಂಜಿಯತ್ತ ನಡೆಯುವಾಗ ಎಡಬಲಗಳಲ್ಲಿ ಪುಸ್ತಕದ ಗೋಡೆಗಳೇ ಎದ್ದು ನಿಂತಿರುತ್ತಿದ್ದವು. ಮಧ್ಯಾಹ್ನ ಊಟದ ವಿರಾಮದಲ್ಲಿ ಕಚೇರಿಯ ಗುಮಾಸ್ತರು, ಹೈಕೋರ್ಟಿನ ಕರಿ ಕೋಟಿನ ವಕೀಲರು, ನಮ್ಮಂತಹ ಹುಡುಗರು ಎಲ್ಲರೂ ಒಂದೇ ರಾಶಿಯ ಮುಂದೆ ಬಾಗಿ ನಿಲ್ಲುತ್ತಿದ್ದೆವು. ೨೦೦೫ರಲ್ಲಿ ನಗರಪಾಲಿಕೆಯವರು ಇವುಗಳಲ್ಲಿ ಬಹುಪಾಲನ್ನು ತೆರವು ಮಾಡಿದರು. ಆ ಮೇಲೆ ಕೆಲವರು ಮರಳಿ ಬಂದರು. ಹಳೆಯ ವೈಭವ ಬರಲಿಲ್ಲ. ಕಾಲುದಾರಿ ನಡೆಯುವವರದೆಂಬ ಮಾತು ನ್ಯಾಯವಾದುದೇ. ಆದರೆ ಆ ಕಾಲುದಾರಿಯಲ್ಲಿ ನಡೆದವರಲ್ಲಿ ಎಷ್ಟೋ ಮಂದಿ ಪುಸ್ತಕಕ್ಕಾಗಿಯೇ ನಡೆದು ಬಂದವರಾಗಿದ್ದರೆಂಬುದನ್ನೂ ಹೇಳದಿರಲಾರೆ.

ಚೋರ್ ಬಜಾರಿನ ಹೆಸರನ್ನು ಕೇಳದವರಿಲ್ಲ. ಭೇಂಡಿ ಬಜಾರಿನ ಬಳಿ ಮಟನ್ ಸ್ಟ್ರೀಟಿನಲ್ಲಿಯೂ ಅದರ ಸುತ್ತಿನ ಗಲ್ಲಿಗಳಲ್ಲಿಯೂ ಹಬ್ಬಿರುವ ಈ ಪೇಟೆಗೆ ಗದ್ದಲವೆಂಬ ಅರ್ಥದ ‘ಶೋರ್’ ಶಬ್ದದಿಂದ ಮೊದಲು ಹೆಸರು ಬಂದು, ಇಂಗ್ಲಿಷರ ಬಾಯಲ್ಲಿ ಅದು ‘ಚೋರ್’ ಆಯಿತೆಂದು ಹೇಳುವರು. ಗಡಿಯಾರ, ದೀಪ, ಗ್ರಾಮೊಫೋನು, ಹಳೆಯ ಸಿನಿಮಾ ಭಿತ್ತಿಪತ್ರಗಳನ್ನು ಹುಡುಕುವವರಿಗೆ ಅದು ಸ್ವರ್ಗ; ಪುಸ್ತಕಕ್ಕಾಗಿ ಅಷ್ಟು ದೂರ ಹೋಗಬೇಕಾಗಿಲ್ಲ.

ಬೇರೆ ನಗರಗಳಲ್ಲಿರುವ ನಮ್ಮ ಬಂಧುಗಳಿಗೂ ಇಂತಹ ಸ್ಥಳಗಳು ತಿಳಿದಿರಬಹುದು. ಪುಣೆಯಲ್ಲಿ ಪಠ್ಯಪುಸ್ತಕಗಳಿಗೆ ಅಪ್ಪಾ ಬಳವಂತ ಚೌಕ. ಮಿಕ್ಕ ಹಳೆಯ ವಸ್ತುಗಳಿಗೆ ಬುಧವಾರ ಮತ್ತು ಭಾನುವಾರಗಳಂದು ನೆರೆಯುವ ಜುನಾ ಬಜಾರು. ಹೈದರಾಬಾದಿನ ಆಬಿಡ್ಸಿನಲ್ಲಿ ಭಾನುವಾರ ದೊಡ್ಡ ಅಂಗಡಿಗಳು ಬಾಗಿಲು ಹಾಕಿದೊಡನೆ ಅವುಗಳ ಮುಂದಿನ ಜಗಲಿಯೂ ಕಾಲುದಾರಿಯೂ ಪುಸ್ತಕದ ಪೇಟೆಯಾಗುತ್ತವೆ. ದೆಹಲಿಯ ದರಿಯಾಗಂಜಿನಲ್ಲಿ ಹಲವು ದಶಕಗಳಿಂದ ನಡೆದು ಬಂದಿದ್ದ ಭಾನುವಾರದ ಪುಸ್ತಕ ಸಂತೆಯನ್ನು ಹೈಕೋರ್ಟಿನ ಆಜ್ಞೆಯಂತೆ ೨೦೧೯ರಲ್ಲಿ ಕಾಲುದಾರಿಯಿಂದ ಎಬ್ಬಿಸಲಾಯಿತು. ವ್ಯಾಪಾರಿಗಳು ಸುಮ್ಮನಾಗಲಿಲ್ಲ, ಅದೇ ವರ್ಷ ಆಸಫ್ ಅಲಿ ರಸ್ತೆಯ ಮಹಿಳಾ ಹಾಟ್ ಎಂಬ ಆವರಣದಲ್ಲಿ ಅವರಿಗೆ ಸ್ಥಳ ದೊರೆಯಿತು. ಚೆನ್ನೈಯ ಕಥೆ ದುಃಖದ್ದು. ಸೆಂಟ್ರಲ್ ನಿಲ್ದಾಣದ ಮಗ್ಗುಲಲ್ಲಿ ೧೯೦೦ರಲ್ಲಿ ತೆರೆದ ಮೂರ್ ಮಾರ್ಕೆಟ್ಟಿನ ಕೆಂಪು ಕಟ್ಟಡದಲ್ಲಿ ಹಳೆಯ ಪುಸ್ತಕಗಳ ಅಂಗಡಿಗಳು ಸಾಲಾಗಿದ್ದವು. ೧೯೮೫ರ ಮೇ ತಿಂಗಳ ಬೆಂಕಿಯಲ್ಲಿ ಅದು ಸುಟ್ಟುಹೋಯಿತು. ಹಳೆಯ ಪುಸ್ತಕದ ಪೇಟೆಗಳಿಗೆ ಭದ್ರವಾದ ಸೂರು ಎಲ್ಲಿಯೂ ಇಲ್ಲವೆಂದು ತೋರುತ್ತದೆ.

ಇಷ್ಟೆಲ್ಲ ಪೇಟೆಗಳಲ್ಲಿ ಸುತ್ತಿದರೂ ಕನ್ನಡ ಪುಸ್ತಕ ಕಣ್ಣಿಗೆ ಬೀಳುವುದು ಬಹು ಅಪರೂಪ. ಬೆಂಗಳೂರಿನ ಅವೆನ್ಯೂ ರಸ್ತೆಯಲ್ಲಿ ಹಳೆಯ ಕನ್ನಡ ಪುಸ್ತಕ ಸಿಕ್ಕುವುದು ವಿಶೇಷವಲ್ಲ. ರಜೆಯಲ್ಲಿ ಊರಿಗೆ ಹೋಗುವವರು ಅಲ್ಲಿ ಒಂದು ಬೆಳಗನ್ನು ಕಳೆಯಬಹುದು. ಆದರೆ ಮುಂಬಯಿಯ ಸಂಗತಿ ಬೇರೆ. ಇದರ ಕಾರಣವನ್ನು ನಾನು ಬಹುಕಾಲ ತಪ್ಪಾಗಿ ತಿಳಿದಿದ್ದೆನು. ಈ ನಗರದಲ್ಲಿ ಕನ್ನಡ ಪುಸ್ತಕಗಳೇ ಕಡಮೆಯೆಂದು ನನ್ನ ಊಹೆಯಾಗಿದ್ದಿತು. ಹಾಗಲ್ಲ. ೧೯೫೬ರವರೆಗೆ ಧಾರವಾಡ, ಬೆಳಗಾವಿ, ಬಿಜಾಪುರ, ಉತ್ತರ ಕನ್ನಡ ಜಿಲ್ಲೆಗಳಿಗೆ ಮುಂಬಯಿಯೇ ರಾಜಧಾನಿಯಾಗಿದ್ದಿತು. ಕರ್ನಾಟಕ ವಿಶ್ವವಿದ್ಯಾಲಯವು ಸಹ ೧೯೪೯ರಲ್ಲಿ ಮೊದಲು ಕಣ್ದೆರೆದುದು ಇದೇ ನಗರದಲ್ಲಿ, ಅನಂತರವೇ ಅದು ಧಾರವಾಡಕ್ಕೆ ಹೋಯಿತು. ಕಚೇರಿಗಳಲ್ಲಿ ದುಡಿದವರು, ಕರಾವಳಿಯಿಂದ ಬಂದು ಹೋಟೆಲುಗಳಲ್ಲಿ ಹಗಲೆಲ್ಲ ದುಡಿದು ರಾತ್ರಿ ಶಾಲೆಗಳಲ್ಲಿ ಓದಿದವರು, ಧಾರವಾಡದಿಂದ ೧೯೩೩ರಿಂದ ಹೊರಡುತ್ತಿರುವ ಮನೋಹರ ಗ್ರಂಥಮಾಲೆಯಂತಹ ಮಾಲೆಗಳನ್ನು ತರಿಸಿ ಓದಿದವರು ಇಲ್ಲಿ ಸಹಸ್ರಾರು ಮಂದಿ ಇದ್ದರು. ಚಾಳಿನ ಒಂದೇ ಕೋಣೆಯಲ್ಲಿ ಅಟ್ಟದ ಮೇಲೆ ತಗಡಿನ ಪೆಟ್ಟಿಗೆ ತುಂಬ ಪುಸ್ತಕವಿಟ್ಟಿದ್ದವರನ್ನು ನಾನು ಬಲ್ಲೆನು. ಹಾಗಾದರೆ ಆ ಪುಸ್ತಕಗಳೆಲ್ಲ ಎಲ್ಲಿಗೆ ಹೋದವು?

ಈ ಪ್ರಶ್ನೆಗೆ ಉತ್ತರ ದೊರೆತುದು ಒಂದು ರದ್ದಿ ಅಂಗಡಿಯಲ್ಲಿ. ಹತ್ತು ವರ್ಷಗಳ ಹಿಂದಿನ ಮಾತು. ನಮ್ಮ ಮನೆಯ ಹಳೆಯ ವೃತ್ತಪತ್ರಿಕೆಗಳನ್ನು ಕೊಡಲೆಂದು ಹೋದಾಗ ಅಂಗಡಿಯಾತನು ತಕ್ಕಡಿಯ ಮುಂದೆ ಒಂದು ಗಂಟನ್ನು ಬಿಚ್ಚುತ್ತಿದ್ದನು. ಬಿಚ್ಚಿದ ಪುಸ್ತಕಗಳ ರಟ್ಟನ್ನು ಕಿತ್ತು ಒಂದು ಕಡೆಗೆ, ಒಳಗಿನ ಹಾಳೆಗಳನ್ನು ಇನ್ನೊಂದು ಕಡೆಗೆ ಎಸೆಯುತ್ತಿದ್ದನು. ರಟ್ಟಿಗೂ ಹಾಳೆಗೂ ದರ ಬೇರೆ. ಹಾಳೆಗಳ ಮೇಲೆ ಕನ್ನಡ ಅಕ್ಷರ! ನಾನು ತಡೆದು ಕೇಳಲು, “ಇದು ಮದ್ರಾಸಿ ಕಿತಾಬು, ಮಾಸ್ತರರೇ, ಇದನ್ನು ಯಾರು ಕೊಳ್ಳುತ್ತಾರೆ?” ಎಂದು ಒಂದನ್ನು ತಲೆಕೆಳಗಾಗಿ ಹಿಡಿದು ನನಗೆ ತೋರಿಸಿದನು. ಆತನಲ್ಲಿ ದುರುದ್ದೇಶವೇನೂ ಇರಲಿಲ್ಲ. ಇಂಗ್ಲಿಷ್, ಮರಾಠಿ, ಹಿಂದಿ, ಗುಜರಾತಿ ಪುಸ್ತಕಗಳನ್ನು ಆತನು ಬೇರೆಯಾಗಿ ತೆಗೆದಿಟ್ಟು ಪುಸ್ತಕದ ವ್ಯಾಪಾರಿಗಳಿಗೆ ಹೆಚ್ಚಿನ ಬೆಲೆಗೆ ಮಾರುತ್ತಾನೆ. ಯಾವ ಪುಸ್ತಕದ ಹೆಸರನ್ನು ಆತನು ಓದಲಾರನೋ ಅದು ಆತನಿಗೆ ಪುಸ್ತಕವಲ್ಲ, ಕಾಗದ.

ಹಳೆಯ ಪುಸ್ತಕದ ಪೇಟೆಯ ಮರ್ಮವೇ ಇದರಲ್ಲಿದೆ. ಹೊಸ ಪುಸ್ತಕದ ಬೆಲೆಯನ್ನು ಪ್ರಕಾಶಕನು ಅಚ್ಚು ಹಾಕಿಸಿ ಕಳುಹಿಸುವನು; ಹಳೆಯದರ ಬೆಲೆ ಹುಟ್ಟುವುದು ಅದನ್ನು ಗುರುತಿಸುವ ಕಣ್ಣಿನಿಂದ. ಮನೆಯ ಹಿರಿಯರು ತೀರಿಕೊಂಡ ಮೇಲೆ, ಅಥವಾ ಚಾಳನ್ನು ಕೆಡವಿ ಸಂಸಾರವು ದೂರದ ಉಪನಗರಕ್ಕೆ ಹೋಗುವಾಗ, ಕನ್ನಡ ಬಾರದ ಮೊಮ್ಮಕ್ಕಳು ಆ ತಗಡಿನ ಪೆಟ್ಟಿಗೆಯನ್ನು ಕಿಲೋ ಲೆಕ್ಕದಲ್ಲಿ ಕೊಟ್ಟುಬಿಡುವರು. ಅವರನ್ನು ನಿಂದಿಸಿ ಫಲವಿಲ್ಲ. ಅವರಿಗೂ ಅದು ಕಾಗದವೇ. ಅಲ್ಲಿಂದ ರದ್ದಿಯ ಅಂಗಡಿ, ಅಲ್ಲಿಂದ ಗೋದಾಮು, ಅಲ್ಲಿಂದ ಕಾಗದದ ಕಾರ್ಖಾನೆಯ ನೀರಿನ ತೊಟ್ಟಿ. ಇಡೀ ದಾರಿಯಲ್ಲಿ ಅಕ್ಷರ ಬಲ್ಲ ಒಬ್ಬನೂ ಎದುರಾಗುವುದಿಲ್ಲ. ಕಿಂಗ್ಸ್ ಸರ್ಕಲಿನ ರಾಶಿಯಲ್ಲಿ ಕನ್ನಡ ಪುಸ್ತಕವೊಂದು ಕಂಡರೆ ಅದು ಈ ದಾರಿಯಲ್ಲಿ ಎಲ್ಲಿಯೋ ತಪ್ಪಿಸಿಕೊಂಡು ಬಂದುದೆಂದು ತಿಳಿಯಬೇಕು.

ಆ ದಿನ ಹನ್ನೊಂದು ಪುಸ್ತಕಗಳನ್ನು ತೂಕ ಮಾಡಿಸಿ ತಂದೆನು. ಎರಡಕ್ಕೆ ಆಗಲೇ ರಟ್ಟಿರಲಿಲ್ಲ. ಒಂದು ಹಳಗನ್ನಡ ವ್ಯಾಕರಣ, ಎರಡು ನಾಟಕಗಳು, ಒಂದು ಮಾಸಪತ್ರಿಕೆಯ ವರ್ಷದ ಸಂಚಿಕೆಗಳನ್ನು ಕೂಡಿಸಿ ಕಟ್ಟಿದ ಸಂಪುಟ, ಉಳಿದವು ಕಾದಂಬರಿಗಳು. ವ್ಯಾಕರಣದ ಮೊದಲ ಪುಟದಲ್ಲಿ ರಾತ್ರಿ ಶಾಲೆಯೊಂದರ ಮುದ್ರೆಯೂ, ಬೆಲೆ ಹನ್ನೆರಡಾಣೆಯೆಂಬ ಬರಹವೂ ಇದ್ದವು. ಸಂಧಿಪ್ರಕರಣದ ಪುಟಗಳಲ್ಲಿ ಪೆನ್ಸಿಲಿನಿಂದ ಎಷ್ಟು ಗೆರೆಗಳನ್ನು ಎಳೆದಿದ್ದರೆಂದರೆ, ಗೆರೆಯಿಲ್ಲದ ಸಾಲುಗಳೇ ಮುಖ್ಯವೆಂದು ಭ್ರಮೆಯಾಗುವಂತಿದ್ದಿತು. ಒಂದು ಪುಟದ ನಡುವೆ ಹೋಟೆಲಿನ ಬಿಲ್ಲಿನ ಚೂರು ಗುರುತಿಗಾಗಿ ಇಟ್ಟಿದ್ದು ಹಾಗೆಯೇ ಉಳಿದಿದ್ದಿತು. ಅದರ ಹಿಂಬದಿಯಲ್ಲಿ ಲೋಪಸಂಧಿಗೆ ನಾಲ್ಕು ಉದಾಹರಣೆಗಳು. ಮೇಜು ಒರೆಸಿ, ಬಿಲ್ಲು ಕೊಟ್ಟು, ಬಿಡುವಾದಾಗ ಆ ಬಿಲ್ಲಿನ ಹಿಂದೆಯೇ ವ್ಯಾಕರಣವನ್ನು ಅಭ್ಯಾಸ ಮಾಡಿದ ಆ ಹುಡುಗನು ಯಾರೋ, ಮುಂದೆ ಏನಾದನೋ! ಹೊಸ ಪುಸ್ತಕದಲ್ಲಿ ಪಾಠವಿರುತ್ತದೆ. ಪಾಠವನ್ನು ಕಲಿತವನು ಇರುವುದಿಲ್ಲ. ಈ ವ್ಯಾಕರಣವನ್ನು ನಾನು ಪ್ರತಿ ವರ್ಷ ತರಗತಿಗೆ ತರುತ್ತೇನೆ, ನೀವು ನೋಡಿರಬಹುದು.

ಹಳೆಯ ಪುಸ್ತಕವನ್ನು ಕೊಂಡವರಲ್ಲಿ ಸಾಮಾನ್ಯರಷ್ಟೇ ಇಲ್ಲ. ಡಾ. ಅಂಬೇಡ್ಕರರು ೧೯೧೩ರಿಂದ ನ್ಯೂಯಾರ್ಕಿನ ಕೊಲಂಬಿಯ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದಾಗ, ಕೈಯಲ್ಲಿ ವಿದ್ಯಾರ್ಥಿವೇತನದ ಮಿತವಾದ ಹಣವಿದ್ದರೂ, ಹಳೆಯ ಪುಸ್ತಕದ ಅಂಗಡಿಗಳನ್ನು ಸುತ್ತಿ ಸುಮಾರು ಎರಡು ಸಾವಿರ ಪುಸ್ತಕಗಳನ್ನು ಕೂಡಿಹಾಕಿದರೆಂದು ಅವರ ಚರಿತ್ರೆಯಲ್ಲಿ ಬರೆದಿದೆ. ೧೯೧೭ರಲ್ಲಿ ಲಂಡನ್ನಿನಿಂದ ಹಿಂದಿರುಗುವಾಗ ಬೇರೊಂದು ಹಡಗಿನಲ್ಲಿ ಕಳುಹಿಸಿದ್ದ ಅವರ ಪುಸ್ತಕಗಳು, ಯುದ್ಧಕಾಲದ ದಾಳಿಗೆ ಸಿಕ್ಕಿದ ಆ ಹಡಗಿನೊಡನೆಯೇ ಸಮುದ್ರದ ಪಾಲಾದವು. ಅವರು ಮತ್ತೆ ಮೊದಲಿನಿಂದ ಸಂಗ್ರಹಿಸಿದರು. ಮುಂದೆ ದಾದರಿನ ಹಿಂದೂ ಕಾಲೋನಿಯಲ್ಲಿ ‘ರಾಜಗೃಹ’ವೆಂಬ ಮನೆಯನ್ನು ಕಟ್ಟಿಸಿದಾಗ ಅದರಲ್ಲಿ ಪುಸ್ತಕಗಳಿಗೆಂದೇ ವಿಶೇಷ ಸ್ಥಳವನ್ನು ಮಾಡಿಸಿದರು. ಕಿಂಗ್ಸ್ ಸರ್ಕಲಿನಿಂದ ಆ ಮನೆಗೆ ನಡೆದೇ ಹೋಗಬಹುದು.

ಇನ್ನು ಕೊಳ್ಳುವ ಕ್ರಮ. ಇದರಲ್ಲಿ ನಾನು ಪಂಡಿತನಾದುದು ಮೋಸಹೋಗಿಯೇ. ಕಾಲೇಜಿಗೆ ಸೇರಿದ ವರ್ಷ ಕನ್ನಡ–ಇಂಗ್ಲಿಷ್ ನಿಘಂಟೊಂದು ಬಹಳ ಅಗ್ಗವಾಗಿ ದೊರೆಯಿತು. ರಟ್ಟು ಗಟ್ಟಿಯಾಗಿದ್ದಿತು, ಹಾಳೆ ಬಿಳುಪಾಗಿದ್ದಿತು. ಹಣ ಕೊಟ್ಟು ಓಡಿ ಬಂದೆನು. ಒಂದು ತಿಂಗಳ ಮೇಲೆ ತಿಳಿಯಿತು: ಪಕಾರದಲ್ಲಿ ಹದಿನಾರು ಪುಟಗಳೇ ಇಲ್ಲ. ಆ ನಿಘಂಟಿನಲ್ಲಿ ‘ಪರಿಶ್ರಮ’ವೆಂಬುದಿರಲಿಲ್ಲ, ‘ಪರೀಕ್ಷೆ’ಯೂ ಇರಲಿಲ್ಲ. ಇಂತಹ ನಿಘಂಟು ಎಲ್ಲಿ ಸಿಕ್ಕುವುದೆಂದು ನಮ್ಮ ಹತ್ತನೆಯ ತರಗತಿಯವರು ಕೇಳಬಹುದು. ಅಂಗಡಿಯವನ ಹೆಸರನ್ನು ನಾನು ಹೇಳುವುದಿಲ್ಲ.

ಹದಿನಾರು ಪುಟಗಳು ಒಟ್ಟಿಗೆ ಹೋಗುವುದೇಕೆಂದರೆ, ಪುಸ್ತಕವನ್ನು ಒಂದೊಂದು ಪುಟವಾಗಿ ಮುದ್ರಿಸುವುದಿಲ್ಲ. ದೊಡ್ಡ ಹಾಳೆಯೊಂದರ ಎರಡು ಕಡೆಗಳಲ್ಲಿ ಹದಿನಾರು ಪುಟಗಳನ್ನು ಮುದ್ರಿಸಿ, ಮಡಿಸಿ, ಹೊಲಿದು, ಅಂಚುಗಳನ್ನು ಕತ್ತರಿಸುವರು. ಇದಕ್ಕೆ ಅಚ್ಚುಕೂಟದವರ ಭಾಷೆಯಲ್ಲಿ ಫಾರಮು ಎಂದು ಹೆಸರು. ದಾರ ಸಡಿಲವಾದಾಗ ಒಂದು ಫಾರಮು ಇಡಿಯಾಗಿಯೇ ಕಳಚಿ ಬೀಳುತ್ತದೆ. ಹಳೆಯ ಪುಸ್ತಕಗಳಲ್ಲಿ ೧೭, ೩೩, ೪೯ನೆಯ ಪುಟಗಳ ಕೆಳಗೆ ೨, ೩, ೪ ಎಂಬ ಚಿಕ್ಕ ಅಂಕಿಗಳನ್ನು ನೀವು ನೋಡಿರಬಹುದು. ಅವು ಫಾರಮಿನ ಸಂಖ್ಯೆಗಳು. ಕೊಳ್ಳುವ ಮೊದಲು ಆ ಪುಟಗಳನ್ನು ಮಾತ್ರ ತಿರುಗಿಸಿದರೂ ಸಾಕು, ಪುಸ್ತಕ ಪೂರ್ಣವಾಗಿದೆಯೇ ಇಲ್ಲವೇ ಎಂಬುದು ಎರಡು ನಿಮಿಷಗಳಲ್ಲಿ ಗೊತ್ತಾಗುವುದು. ಭೂಪಟಗಳು, ಚಿತ್ರಪಟಗಳು ಬೇರೆಯಾಗಿ ಅಂಟಿಸಿದವಾದ್ದರಿಂದ ಅವುಗಳನ್ನು ಒಂದೊಂದಾಗಿಯೇ ಎಣಿಸಿಕೊಳ್ಳಬೇಕು.

ಬಳಿಕ ಮುದ್ರಣದ ವರ್ಷವನ್ನು ನೋಡತಕ್ಕದ್ದು. ಪಠ್ಯಪುಸ್ತಕಕ್ಕೆ ಇದು ಪ್ರಾಣ. ಪುಣೆಯಲ್ಲಿ ೧೯೬೭ರಲ್ಲಿ ಸ್ಥಾಪಿತವಾದ ಬಾಲಭಾರತಿ ಸಂಸ್ಥೆಯೇ ನಮ್ಮ ಕನ್ನಡ ಮಾಧ್ಯಮದ ಪುಸ್ತಕಗಳನ್ನೂ ಪ್ರಕಟಿಸುತ್ತದೆಯಷ್ಟೆ. ಪಠ್ಯಕ್ರಮ ಬದಲಾದ ವರ್ಷ ಹಳೆಯದೆಲ್ಲ ನಿರುಪಯುಕ್ತ. ಒಂಬತ್ತನೆಯ ತರಗತಿಗೆ ೨೦೧೭ರಲ್ಲಿಯೂ ಹತ್ತನೆಯದಕ್ಕೆ ೨೦೧೮ರಲ್ಲಿಯೂ ಹೊಸ ಪುಸ್ತಕಗಳು ಬಂದಾಗ, ಹಿಂದಿನ ವರ್ಷದವರಿಂದ ಮುಂಚಿತವಾಗಿಯೇ ಕೊಂಡಿಟ್ಟಿದ್ದವರು ಪೇಚಿಗೆ ಬಿದ್ದರು. ಕಾನೂನು ಓದುವ ಅಣ್ಣಂದಿರಿಗೂ ಒಂದು ಮಾತು: ೨೦೨೪ರ ಜುಲೈ ೧ರಿಂದ ಭಾರತೀಯ ದಂಡ ಸಂಹಿತೆಯ ಸ್ಥಾನಕ್ಕೆ ಭಾರತೀಯ ನ್ಯಾಯ ಸಂಹಿತೆ ಬಂದಿರುವುದರಿಂದ, ಅದಕ್ಕೆ ಹಿಂದಿನ ದಂಡಶಾಸ್ತ್ರದ ಪುಸ್ತಕವನ್ನು ಎಷ್ಟು ಅಗ್ಗವಾಗಿ ಕೊಟ್ಟರೂ ಮುಟ್ಟಬಾರದು. ಪ್ರಶ್ನೋತ್ತರದ ಗೈಡುಗಳನ್ನು ಹಳೆಯದಾಗಿಯೂ ಕೊಳ್ಳಬಾರದೆಂಬುದು ನನ್ನ ಅಭಿಪ್ರಾಯ. ಹೊಸದಾಗಿಯೂ ಕೊಳ್ಳಬಾರದೆಂಬುದು ನನ್ನ ಇನ್ನೊಂದು ಅಭಿಪ್ರಾಯ. ಆದರೆ ಗಣಿತ, ವ್ಯಾಕರಣ, ನಿಘಂಟು, ಕಾವ್ಯ ಇವು ಮುಪ್ಪಾಗುವುದಿಲ್ಲ. ಕಿಟೆಲ್ಲರ ಕನ್ನಡ–ಇಂಗ್ಲಿಷ್ ನಿಘಂಟು ಮಂಗಳೂರಿನಲ್ಲಿ ಪ್ರಕಟವಾದುದು ೧೮೯೪ರಲ್ಲಿ. ಇಂದಿಗೂ ವಿದ್ವಾಂಸರು ಅದನ್ನು ತೆರೆಯುವರು. ಹಳೆಯ ಭೂಪಟದ ಪುಸ್ತಕ ಸಿಕ್ಕಿದರೆ ಪರೀಕ್ಷೆಗಾಗಿ ಅಲ್ಲ, ವಿನೋದಕ್ಕಾಗಿ ಕೊಳ್ಳಿರಿ. ಮುಂಬಯಿ ಪ್ರಾಂತದ ಬಣ್ಣವು ಧಾರವಾಡವನ್ನು ದಾಟಿ ಹೋಗಿರುವುದನ್ನೂ, ೧೯೭೩ಕ್ಕೆ ಹಿಂದೆ ಕರ್ನಾಟಕದ ಜಾಗದಲ್ಲಿ ಮೈಸೂರೆಂದು ಬರೆದಿರುವುದನ್ನೂ ಅದರಲ್ಲಿ ಕಣ್ಣಾರೆ ನೋಡಬಹುದು. ಇತಿಹಾಸದ ಪಾಠವನ್ನು ಇಷ್ಟು ಅಗ್ಗವಾಗಿ ಹೇಳಿಕೊಡುವ ಉಪಾಧ್ಯಾಯರು ಬೇರೆಯಿಲ್ಲ.

ಹಳೆಯ ಪುಸ್ತಕವನ್ನು ಮಾರುವುದು ನ್ಯಾಯವೇ, ಲೇಖಕನಿಗೆ ಅನ್ಯಾಯವಾಗದೇ ಎಂದು ಚುರುಕು ಬುದ್ಧಿಯ ಹುಡುಗಿಯೊಬ್ಬಳು ಒಮ್ಮೆ ಕೇಳಿದಳು. ನಮ್ಮ ದೇಶದ ೧೯೫೭ರ ಕೃತಿಸ್ವಾಮ್ಯ ಕಾನೂನಿನಂತೆ ಪ್ರತಿಗಳನ್ನು ಮಾಡಿ ಜನರಿಗೆ ನೀಡುವ ಹಕ್ಕು ಕೃತಿಸ್ವಾಮ್ಯವುಳ್ಳವರಿಗೆ ಸೇರಿದುದು. ಆದರೆ ಒಮ್ಮೆ ಚಲಾವಣೆಗೆ ಬಂದ ಪ್ರತಿಗೆ ಆ ಹಕ್ಕು ಅನ್ವಯಿಸುವುದಿಲ್ಲ. ಎಂದರೆ, ನೀವು ಹಣ ಕೊಟ್ಟು ಕೊಂಡ ಪ್ರತಿಯನ್ನು ನೀವು ಮಾರಬಹುದು. ಕಾಲುದಾರಿಯಲ್ಲಿ ಹಳೆಯವುಗಳ ಪಕ್ಕದಲ್ಲಿಯೇ ಪಾಲಿಥೀನ್ ಹೊದಿಸಿ ಇಟ್ಟಿರುವ, ಅಕ್ಷರ ಮಸಕಾಗಿ ಅಂಟು ಬಿಟ್ಟುಕೊಳ್ಳುವ ‘ಹೊಸ’ ಕಾದಂಬರಿಗಳ ವಿಷಯ ಬೇರೆ. ಅವು ಕದ್ದು ಮುದ್ರಿಸಿದವು. ಅವುಗಳಿಂದ ಲೇಖಕನಿಗೆ ಒಂದು ಕಾಸೂ ಸೇರದು. ಎರಡನ್ನೂ ಒಂದೇ ಎಂದು ಭಾವಿಸಬಾರದು.

ಯಾವಾಗ ಹೋಗಬೇಕು? ವಾರ್ಷಿಕ ಪರೀಕ್ಷೆ ಮುಗಿದ ಏಪ್ರಿಲ್, ಮೇ ತಿಂಗಳುಗಳಲ್ಲಿ. ಆಗ ಮಾರುವವರು ಹೆಚ್ಚು, ಕೊಳ್ಳುವವರು ಕಡಮೆ. ಜೂನ್ ಬಂದೊಡನೆ ಅದೇ ಪುಸ್ತಕಕ್ಕೆ ಬೆಲೆ ಏರುತ್ತದೆ. ಜುಲೈಯಲ್ಲಿ ಅದರ ಮೇಲೆ ಮಳೆಯೂ ಬೀಳುತ್ತದೆ. ನಮ್ಮ ನಗರದ ಮಳೆಗಾಲದಲ್ಲಿ ಅಂಗಡಿಯವರು ಪ್ಲಾಸ್ಟಿಕ್ ಹೊದಿಸಿ ಪುಸ್ತಕಗಳನ್ನು ಕಾಪಾಡುತ್ತಾರಾದರೂ ತೇವ ಒಳಗೆ ನುಗ್ಗಿ ಬೂಷ್ಟು ಹಿಡಿಯುತ್ತದೆ. ಪುಸ್ತಕವನ್ನು ತೆರೆದು ಮೂಸಿ ನೋಡಿರಿ, ನಾಚಬೇಕಾದುದಿಲ್ಲ. ಮುಗ್ಗಿದ ವಾಸನೆಯಿದ್ದರೆ ಬಿಟ್ಟುಬಿಡಿ, ಅದು ಮನೆಯ ಇತರ ಪುಸ್ತಕಗಳಿಗೂ ಹರಡುವುದು. ಹಳೆಯ ಕಾಗದದ ಇನ್ನೊಂದು ಬಗೆಯ ಸಿಹಿಯಾದ ಪರಿಮಳವಿದೆ, ಅದು ಒಳ್ಳೆಯದು. ಮರದ ತಿರುಳಿನಿಂದ ಮಾಡಿದ ಕಾಗದದಲ್ಲಿ ಲಿಗ್ನಿನ್ ಎಂಬ ಪದಾರ್ಥವಿರುತ್ತದೆ. ಗಾಳಿ ಬೆಳಕುಗಳ ಸಂಗದಿಂದ ಅದು ಮೆಲ್ಲಮೆಲ್ಲನೆ ಒಡೆಯುವಾಗ ವೆನಿಲಾವನ್ನು ಹೋಲುವ ವಾಸನೆ ಹೊರಡುತ್ತದೆ, ಕಾಗದ ಹಳದಿಯಾಗುತ್ತದೆ. ಇದರೊಡನೆ ಕಾಗದದಲ್ಲಿ ಆಮ್ಲವಿದ್ದರೆ ಹಾಳೆಯು ಹಪ್ಪಳದಂತೆ ಮುರಿಯುವುದು. ಹರಿದ ಹಾಳೆಗೆ ಸೆಲ್ಲೊಟೇಪನ್ನು ಅಂಟಿಸಬೇಡಿ. ಕೆಲವು ವರ್ಷಗಳಲ್ಲಿ ಟೇಪು ಬಿದ್ದುಹೋಗಿ ಕಂದು ಬಣ್ಣದ ಕಲೆ ಉಳಿಯುತ್ತದೆ. ಮೈದಾಹಿಟ್ಟಿನ ತೆಳು ಗಂಜಿ, ತೆಳುವಾದ ಕಾಗದ, ಇವೇ ಉತ್ತಮ. ಹುಳದ ಸಂಶಯವಿದ್ದರೆ ಪುಸ್ತಕವನ್ನು ಗಾಳಿಯಾಡದಂತೆ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಮನೆಯ ಶೀತಪೆಟ್ಟಿಗೆಯ ಮಂಜುಗಡ್ಡೆಯ ಭಾಗದಲ್ಲಿ ಎರಡು ವಾರ ಇಟ್ಟರೆ ಹುಳವೂ ಮೊಟ್ಟೆಯೂ ಸಾಯುತ್ತವೆ. ಹೊರತೆಗೆದ ಮೇಲೆ ಒಂದು ದಿನ ಚೀಲವನ್ನು ಬಿಚ್ಚಬಾರದು, ಬಿಚ್ಚಿದರೆ ಹಾಳೆಗಳ ಮೇಲೆ ನೀರು ಸೇರುವುದು. ಇದಕ್ಕೆ ತಾಯಿಯವರ ಅನುಮತಿ ಅವಶ್ಯಕ. ನಮ್ಮ ಮನೆಯಲ್ಲಿ ಹಳಗನ್ನಡ ವ್ಯಾಕರಣವು ಬಟಾಣಿಯ ಪೊಟ್ಟಣದ ಪಕ್ಕದಲ್ಲಿ ಮಲಗಿದ್ದ ಎರಡು ವಾರಗಳಲ್ಲಿ ನಾನು ಕೇಳಿದ ಮಾತುಗಳನ್ನು ಇಲ್ಲಿ ಬರೆಯುವಂತಿಲ್ಲ.

ಚೌಕಾಸಿಯ ವಿಷಯದಲ್ಲಿ ನಾನು ದಡ್ಡ. ಬೇಕಾದ ಪುಸ್ತಕವನ್ನು ಕಂಡೊಡನೆ ನನ್ನ ಮುಖವೇ ಬೆಲೆಯನ್ನು ಏರಿಸಿಬಿಡುತ್ತದೆ. ಬಲ್ಲವರು ಬೇಕಾದುದನ್ನು ಬೇಡದ ಎರಡು ಪುಸ್ತಕಗಳ ನಡುವೆ ಇಟ್ಟು ಮೂರಕ್ಕೂ ಬೆಲೆ ಕೇಳುವರು. ಈಚೆಗೆ ಮೊಬೈಲಿನಲ್ಲಿಯೇ ಹಳೆಯ ಪುಸ್ತಕ ಕೊಳ್ಳುವ ಅನುಕೂಲವಾಗಿದೆ. ಹೆಸರು ಗೊತ್ತಿರುವ ಪುಸ್ತಕಕ್ಕೆ ಅದು ಉತ್ತಮವಾದ ಮಾರ್ಗ. ಆದರೆ ಹೆಸರೇ ಗೊತ್ತಿಲ್ಲದ ಪುಸ್ತಕವನ್ನು ಮೊಬೈಲಿನಲ್ಲಿ ಹೇಗೆ ಹುಡುಕುವುದು? ರಾಶಿಯ ಮುಂದೆ ನಿಂತಾಗ ನಾವು ಪುಸ್ತಕವನ್ನು ಹುಡುಕುವಂತೆ ಪುಸ್ತಕವೂ ನಮ್ಮನ್ನು ಹುಡುಕುತ್ತಿರುತ್ತದೆ.

ನಿಮ್ಮಲ್ಲಿ ಅನೇಕರು ಶಾಲೆಗೆ ಬರುವ ದಾರಿಯಲ್ಲಿ ಒಂದೆರಡು ರದ್ದಿ ಅಂಗಡಿಗಳನ್ನು ದಾಟಿ ಬರುತ್ತೀರಿ. ಅಲ್ಲಿ ನಿಂತು, ‘ಇಂತಹ ಅಕ್ಷರದ ಪುಸ್ತಕ ಬಂದರೆ ಹರಿಯದೆ ತೆಗೆದಿಡಿ’ ಎಂದು ಕನ್ನಡದ ನಾಲ್ಕು ಅಕ್ಷರಗಳನ್ನು ಬರೆದು ಕೊಟ್ಟು ಬರಬಹುದು. ನನಗೆ ಪರಿಚಯವಾದ ಅಂಗಡಿಯಾತನು ಹೀಗೆಯೇ ಮಾಡುತ್ತಾನೆ. ತಕ್ಕಡಿಯ ಹಿಂದಿನ ಗೋಡೆಯ ಮೇಲೆ ನಾನು ಬರೆದುಕೊಟ್ಟ ಚೀಟಿಯನ್ನು ಅಂಟಿಸಿಕೊಂಡು, ಪುಸ್ತಕವನ್ನು ಅದರ ಪಕ್ಕದಲ್ಲಿ ಹಿಡಿದು ಹೋಲಿಸಿ ನೋಡುವನು. ಒಮ್ಮೊಮ್ಮೆ ತೆಲುಗು ಪುಸ್ತಕವನ್ನೂ ತೆಗೆದಿಡುವನು. ಅಕ್ಷರಗಳು ಒಂದೇ ತೆರನಾಗಿರುವಾಗ ಆತನ ತಪ್ಪೇನು? ಹತ್ತು ವರ್ಷಗಳಲ್ಲಿ ಹೀಗೆ ಬಂದ ಕನ್ನಡ ಪುಸ್ತಕಗಳು ನಮ್ಮ ಶಾಲೆಯ ಗ್ರಂಥಾಲಯದಲ್ಲಿ ಎರಡು ಕಪಾಟುಗಳಷ್ಟಾಗಿವೆ. ಕಿಟಕಿಯ ಪಕ್ಕದ ಆ ಕಪಾಟುಗಳಿಗೆ ಬೀಗವಿಲ್ಲ.

ಈ ವರ್ಷ ಪರೀಕ್ಷೆ ಮುಗಿದ ಮೇಲೆ ಏಪ್ರಿಲ್ ತಿಂಗಳ ಕೊನೆಯ ವಾರದಲ್ಲಿ, ಒಂಬತ್ತು ಮತ್ತು ಹತ್ತನೆಯ ತರಗತಿಗಳವರು ತಮ್ಮ ಪಠ್ಯಪುಸ್ತಕಗಳನ್ನು ಗ್ರಂಥಾಲಯದ ಕೋಣೆಗೆ ತಂದುಕೊಡಬಹುದು. ಜೂನ್ ತಿಂಗಳಲ್ಲಿ ಅವುಗಳನ್ನು ಕೆಳಗಿನ ತರಗತಿಯಿಂದ ಬಂದವರಿಗೆ ಕೊಡಲಾಗುವುದು. ಪುಟಗಳು ಪೂರ್ಣವಾಗಿರಬೇಕು, ದಾರ ಸಡಿಲವಾಗಿದ್ದರೆ ಹೇಳಬೇಕು. ಹೊಲಿಗೆಯನ್ನು ನಾವು ಹಾಕಿಕೊಳ್ಳುತ್ತೇವೆ. ಮೊದಲ ಹಾಳೆಯಲ್ಲಿ ಬರೆದಿರುವ ಹೆಸರನ್ನು ಅಳಿಸಬೇಕಾಗಿಲ್ಲ. ಅದರ ಕೆಳಗೆ ಇನ್ನೊಂದು ಹೆಸರಿಗೆ ಜಾಗವಿದ್ದರೆ ಸಾಕು.